ನಾಟಿ ಕೋಳಿ: ಬಿಟ್ಟು ಸಾಕುವುದೋ, ಕೂಡಿಹಾಕಿ ಸಾಕುವುದೋ?

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಪಕ್ಕದಲ್ಲೇ ಸೈಟು, ಹೋಂಸ್ಟೇ ಎದ್ದ ಮೇಲೆ ಕೋಳಿ ಜಗಳ ಜಾಸ್ತಿಯಾಗಿದೆ. ಮೊದಲು ಎರಡೂ ಮನೆಯಲ್ಲಿ ಕೋಳಿ ಇರುತ್ತಿದ್ದವು, ಯಾರೂ ಕೇಳುತ್ತಿರಲಿಲ್ಲ. ಈಗ ಬೇಲಿಯಾಚೆ ಕೋಳಿಯಿಲ್ಲ, ಹೂವಿನ ಪಾತಿ ಇದೆ.

ಬಿಟ್ಟು ಸಾಕಿದರೆ ಖರ್ಚು ಕಮ್ಮಿ. ಹುಳ, ಗೆದ್ದಲು, ಹುಲ್ಲು ಹೆಕ್ಕಿಕೊಂಡು ತಿನ್ನುತ್ತವೆ, ಸಂಜೆ ಒಂದಿಷ್ಟು ಭತ್ತ ಎರಚಿದರಾಯಿತು. ಆದರೆ ಪಕ್ಕದವರು ಕಣದಲ್ಲಿ ಕಾಫಿ, ಮೆಣಸು ಹರವಿದ ದಿನ ನೋಡಬೇಕು. ಒಂದು ಹೇಂಟೆ ಮರಿ ಕಟ್ಟಿಕೊಂಡು ಬಂದು ಕೆದರಿದರೆ ಕಾಳು ಚರಂಡಿಗೆ ಬೀಳುತ್ತದೆ, ಹಿಕ್ಕೆ ಹಾಕಿದ ಮೆಣಸನ್ನು ಕೂತು ಆರಿಸಬೇಕು. ಅದು ಅವರ ವರ್ಷದ ದುಡಿಮೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ.

ಪೂರ್ತಿ ಕೂಡಿಹಾಕಿದರೆ ಕಣದ ತಕರಾರಿಲ್ಲ, ನಾಯಿ-ಮುಂಗುಸಿ ಕಾಟವೂ ಕಮ್ಮಿ. ಆದರೆ ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 100 ಗ್ರಾಂ ತಿಂಡಿ ನಾವೇ ಹಾಕಬೇಕು. ಮಲೆನಾಡಿನ ಮಳೆಗೆ ಗೂಡಿನ ಹೊಟ್ಟು ಒದ್ದೆಯಾದರೆ ನಾತ ಪಕ್ಕದ ಮನೆಗೂ ಹೋಗುತ್ತದೆ. ಹುಂಜದ ಕೂಗು ಹೇಗೆ ಸಾಕಿದರೂ ತಪ್ಪಿದ್ದಲ್ಲ.

ನೆರೆಯವರು ಹತ್ತಿರವಿದ್ದರೆ ನನ್ನ ಆಯ್ಕೆ ನಡುವಿನದು: ಹಿತ್ತಲಿಗೆ ಆಳೆತ್ತರದ ಬಲೆ, ಬೆಳಿಗ್ಗೆ ಮೊಟ್ಟೆಯಿಡುವ ತನಕ ಗೂಡಿನಲ್ಲಿ, ಆಮೇಲೆ ಬಲೆಯೊಳಗೆ ಓಡಾಟ. ಹಾರುವ ಕೋಳಿಗೆ ಒಂದೇ ರೆಕ್ಕೆಯ ಉದ್ದ ಗರಿ ಕತ್ತರಿಸಿ. ನೋವಾಗುವುದಿಲ್ಲ, ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಕತ್ತರಿಸಬೇಕು. ಹೊಸದಾಗಿ ಕೊಳ್ಳುವವರು ಗಿರಿರಾಜ ತಳಿ ನೋಡಬಹುದು, ಮೈ ಭಾರವಾದ್ದರಿಂದ ನಾಟಿಯಷ್ಟು ಹಾರುವುದಿಲ್ಲ. ಕಣ ಹರವುವ ದಿನ ಮಾತ್ರ ಪಕ್ಕದವರನ್ನು ಮೊದಲೇ ಕೇಳಿಕೊಂಡು, ಕೋಳಿಗಳನ್ನು ಗೂಡಿನಲ್ಲೇ ಬಿಡಿ.