ಗದ್ದದ ಕೂದಲಿಗೆ ಸ್ಪೈರೊನೊಲ್ಯಾಕ್ಟೋನ್ ಗುಳಿಗಿ, ಒಂದೂವರಿ ವರ್ಷ ಆದಮ್ಯಾಲ ಬರೀಲತ್ತೀನಿ

ನಾನು ಸೇಡಂದಾಕಿ. ಕಾಲೇಜಿಗಿ ಹೋಗೋ ವಯಸ್ಸಿನಾಗೇ ಗದ್ದಕ್ಕ, ತುಟಿ ಮ್ಯಾಲ ಕರಿ ದಪ್ಪ ಕೂದಲ ಚಾಲೂ ಆಗಿದ್ವು, 15 ದಿನಕ್ಕೊಮ್ಮಿ ಥ್ರೆಡ್ಡಿಂಗ್, ಯಾರರ ಮದಿವಿಗಿ ಕರದ್ರೂ ಹೋಗ್ತಿದ್ದಿಲ್ಲ. ಒಂದು ಮೆಡಿಕಲ್‌ನಾಗ ಕೇಳಿದ್ರ ಚೀಟಿ ಇಲ್ದೇ ಕ್ರೀಮ್ ಕೊಟ್ರು, ಮೂರು ತಿಂಗಳ ಹಚ್ಚಿದೆ, ಆಮ್ಯಾಲ ಗೊತ್ತಾಯ್ತು ಅದು ಸ್ಟೀರಾಯ್ಡ್, ಅದರಿಂದ ಚರ್ಮ ತೆಳ್ಳಗಾಗಿ ಕೂದಲ ಜಾಸ್ತಿನೂ ಆಗಬಹುದಂತ. ಆ ಸಿಟ್ಟು ಇನ್ನಾ ಹೋಗಿಲ್ಲ.

ಕಡೀಗಿ ಕಲಬುರಗಿಗಿ ಬಂದು ಚರ್ಮದ ಡಾಕ್ಟ್ರಮ್ಮಗ ತೋರ್ಸಿದ್ವಿ. ಮುಟ್ಟು ಸರಿ ಬರ್ತದಾ, ತಲಿಬ್ಯಾನಿ ಅದಾ, ಮನ್ಯಾಗ ಯಾರಿಗರ ಕಾಲಾಗ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳಿ, ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಟೆಸ್ಟ್, ಸ್ಕ್ಯಾನಿಂಗ್ ಮಾಡ್ಸಿದ್ರು. ಪಿಸಿಓಡಿ ಬಂತು, ಅಂದ್ರ ಅಂಡಾಶಯದ ಹಾರ್ಮೋನ್ ಏರುಪೇರು. ಮೊದ್ಲ 6 ತಿಂಗಳ ಬರೀ ಗರ್ಭನಿರೋಧಕ ಗುಳಿಗಿ ಅಂದ್ರು.

ನಮ್ಮವ್ವ ಕುರ್ಚಿ ಬಿಟ್ಟು ಎದ್ದೇ ಬಿಟ್ಟಳು, ಮದಿವಿ ಆಗದ ಹುಡಿಗಿಗಿ ಅದ್ಯಾಕ್ರಿ ಮೇಡಂ ಅಂತ. ಡಾಕ್ಟ್ರಮ್ಮ ಸಿಟ್ಟಾಗಲಿಲ್ಲ, 'ಕೂಡ್ರಿ ಅವ್ವಾ' ಅಂದು ಬಿಡಿಸಿ ಹೇಳಿದ್ರು, ಇದು ಅಂಡಾಶಯದಾಗ ಗಂಡಸ್ರ ಹಾರ್ಮೋನ್ ಕಮ್ಮಿ ಮಾಡ್ತದ, ಮುಂದ ಕೊಡೋ ಗುಳಿಗಿ ಆ ಹಾರ್ಮೋನ್ ಕೂದಲ ಬುಡಕ್ಕ ಹತ್ತದಂಗ ತಡೀತದ, ಆದ್ರ ಅದು ನಡದಾಗ ಬಸಿರಾದ್ರ ಗಂಡು ಕೂಸಿಗಿ ತೊಂದ್ರಿ ಆಗಬಹುದು, ಅದಕ್ಕ ಎರಡೂ ಜೋಡಿ ಕೊಡೋದು, ಮದಿವಿ ಗೊತ್ತಾದ್ರ ತಿಳಸ್ರಿ ಬಿಡಸ್ತೀನಿ ಅಂತ. ಅವ್ವ ಹೊರಗ ಬಂದು ಒಂದೇ ಮಾತು ಅಂದಳು, ತಗೋ. ಆ ಹತ್ತು ನಿಮಿಷಕ್ಕ ಈ ಡಾಕ್ಟ್ರಮ್ಮಗ ಪೂರಾ ಐದು ಸ್ಟಾರ್.

ಆಮ್ಯಾಲ ಸ್ಪೈರೊನೊಲ್ಯಾಕ್ಟೋನ್ 50 ಎಂಜಿ, ಮುಂಜಾನಿಗೊಂದು ಸಂಜಿಗೊಂದು. ನಾಕು ತಿಂಗಳ ಏನೂ ಫರಕ್ ಕಾಣಲಿಲ್ಲ, ಕನ್ನಡಿ ಮುಂದ ಅತ್ತೀನಿ. ಇದ್ದ ಕೂದಲ ಉದುರಂಗಿಲ್ಲ, ಹೊಸಾವು ತೆಳ್ಳಗ ಬರ್ತಾವ, 6 ತಿಂಗಳರ ತಡೀಬೇಕು ಅಂತ ಮೊದ್ಲೇ ಹೇಳಿದ್ರು, ಖರೇನೂ ಹಂಗೇ ಆಯ್ತು. ಈಗ ಥ್ರೆಡ್ಡಿಂಗ್ ತಿಂಗಳಿಗೊಮ್ಮಿ ಸಾಕು, ಬೆರಳಿಗಿ ಚುಚ್ಚಂಗಿಲ್ಲ.

ಮೂಲದಾಗ ಇದು ಬಿಪಿಗಿ, ಮೈಯಾಗ ನೀರು ತುಂಬಿ ಬಾತ್ರ ಕೊಡೋ ಗುಳಿಗಿ, ಹಂಗಾಗಿ ಒಂದಕ್ಕ ಪದೇ ಪದೇ ಹೋಗಬೇಕಾಗ್ತದ, ಸೇಡಂ ಬಸ್ ಹತ್ತೋ ದಿನ ಮನಿ ಮುಟ್ಟಿದ ಮ್ಯಾಲೇ ತಗೋತಿದ್ದೆ. ಮೇ ತಿಂಗಳ ಬಿಸಲಾಗ ಎರಡು ಸಲ ತಲಿ ತಿರಗಿತು, ಬಿಪಿ ನೋಡಿ, ರಕ್ತದಾಗ ಪೊಟ್ಯಾಶಿಯಂ ಚೆಕ್ ಮಾಡಿದ್ರು, ಸರಿ ಇತ್ತು. ಗುಳಿಗಿ ಬಿಟ್ರ ಕೂದಲ ಮತ್ತ ಬರ್ತಾವಂತ, ಅದಕ್ಕ ಗುಳಿಗಿಗಿ ನಾಕೇ ಸ್ಟಾರ್.

ಚೀಟಿ ಇಲ್ದೇ ತಗೋಬ್ಯಾಡ್ರಿ ಅಕ್ಕಂದಿರಾ. ಒಮ್ಮಿಗೇ ಕೂದಲ ಬೆಳದು ದನಿನೂ ದಪ್ಪ ಆದ್ರ ಪಾರ್ಲರ್‌ಗಿ ಹೋಗಬ್ಯಾಡ್ರಿ, ಅದೇ ವಾರದಾಗ ಡಾಕ್ಟ್ರಿಗಿ ತೋರಸ್ರಿ.