ಮಡಿಕೇರಿಯ ಸ್ಕ್ಯಾನಿಂಗ್ ತಂಡ: ಫೋಟೊಗೆ ಕರೆಸಿ, ಬೈಂಡಿಂಗ್ ಮಾತ್ರ ಬೇಡ

ಕರಾವಳಿಯ ಹಳ್ಳಿ ಚರ್ಚಿನಲ್ಲಿ ಸ್ಮರಣ ಸಂಚಿಕೆಯ ಮಾತು ಎದ್ದಾಗ ಮೊದಲು ಕಪಾಟಿನಿಂದ ಹೊರಬರುವುದು ದೀಕ್ಷಾಸ್ನಾನ, ಮದುವೆ, ಮರಣದ ಹಳೆ ದಾಖಲೆ ಪುಸ್ತಕಗಳು. ಅವನ್ನು ಸ್ಕ್ಯಾನ್ ಮಾಡಿಕೊಡುವ ಮಡಿಕೇರಿಯ ಈ ತಂಡ ಸಂಪಾಜೆ ಘಾಟಿ ಇಳಿದು ಚರ್ಚಿಗೇ ಬರುತ್ತದೆ. ಇದೇ ಇವರ ದೊಡ್ಡ ಗುಣ. ಆ ಪುಸ್ತಕಗಳು ಚರ್ಚಿನ ಕಚೇರಿ ಬಿಟ್ಟು ಹೊರಗೆ ಹೋಗಲೇಬಾರದು.

ಫೋಟೊ ಕೆಲಸದ ಬಗ್ಗೆ ತಕರಾರಿಲ್ಲ. ಮಾಮೂಲಿ ಸ್ಕ್ಯಾನರ್ ಮೇಲೆ ಕವುಚಿ ಒತ್ತಿದರೆ ಪುಸ್ತಕದ ಬೆನ್ನು ಮುರಿಯುತ್ತದೆ. ಇವರು ವ್ಯಾಸಪೀಠದಂಥ ಸ್ಟ್ಯಾಂಡಿನಲ್ಲಿ ಅರ್ಧ ತೆರೆದಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. 400 ಡಿಪಿಐ (ಇಂಚಿಗೆ 400 ಚುಕ್ಕಿ), ಕಾಪಿಡಲು ಗುಣ ಕೆಡದ ಟಿಫ್ ಫೈಲ್, ಓದಲು ಪಿಡಿಎಫ್. ರಟ್ಟಿನ ಒಳಬದಿಯನ್ನೂ ಬಿಡುವುದಿಲ್ಲ. ಪುಟದ ಅಂಚು ಕತ್ತರಿಸಬೇಡಿ ಎಂದು ಮಾತ್ರ ಮೊದಲೇ ಹೇಳಿ. ದೀಕ್ಷಾಸ್ನಾನದ ಪುಸ್ತಕದಲ್ಲಿ ಮುಂದೆ ನಡೆದ ಮದುವೆಯ ಟಿಪ್ಪಣಿ ಇರುವುದು ಅಲ್ಲೇ. ಮಾಸಿದ ಪುಟಗಳಿಗೆ ನೇರಳಾತೀತ ದೀಪ ಹಾಕಿಸಿ: ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಮಾಡಿದ ಹಳೆ ಶಾಯಿ ಆ ಬೆಳಕಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ.

ಬೈಂಡಿಂಗ್, ರಿಪೇರಿಯನ್ನೂ ಮಾಡುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಹುಳು ಹಿಡಿಯದಿರಲಿ ಎಂದು ಅಂಟಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಬೆರೆಸುತ್ತಾರೆ. ಕಾಫಿ ತೋಟಕ್ಕೆ ಬೋರ್ಡೊ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ಜಿಲ್ಲೆಯಲ್ಲಿ ಅದು ಕೈಗೆಟುಕುವ ವಸ್ತುವೇ, ಆದರೆ ತಾಮ್ರ ಸೇರಿದ ಕಾಗದ ಬೇಗ ಪುಡಿಯಾಗುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಶಾಯಿಯ ಆಮ್ಲ ಒಳಗೇ ಉಳಿದು ಅಕ್ಷರವಿದ್ದಲ್ಲೆಲ್ಲ ತೂತು ಬೀಳುತ್ತದೆ, ಬಿಡಿಸಲೂ ಬರುವುದಿಲ್ಲ. ಹರಿದ ಹಾಳೆಗೆ ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಸಾಕು. ಅದೂ ಶಾಯಿ ಇಲ್ಲದ ಕಡೆ.

ಹೆಸರಿನ ಸೂಚಿ ಮಾಡುವುದರಲ್ಲಿ ಇವರು ತೀರಾ ಕಚ್ಚಾ. ಲ್ಯಾಟಿನ್, ಪೋರ್ಚುಗೀಸ್ ಬರಹದಲ್ಲಿ ‘7ಬ್ರಿಸ್’ ಎಂದರೆ ಸೆಪ್ಟೆಂಬರ್ (ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದರೆ ಏಳು), ‘8ಬ್ರಿಸ್’ ಅಕ್ಟೋಬರ್ (ಆಕ್ಟೊ ಅಂದರೆ ಎಂಟು). ಇವರು ಅಂಕಿ ನೋಡಿ ಜುಲೈ, ಆಗಸ್ಟ್ ಎಂದು ಹಾಕುತ್ತಾರೆ. ಆಗಸ್ಟ್ ಕೊನೆಗೆ ಹುಟ್ಟಿದ ಮಗುವಿಗೆ ಜುಲೈನಲ್ಲೇ ದೀಕ್ಷಾಸ್ನಾನ! ಮಗುವಿನ ಹೆಸರಿನ ಮೇಲೆ ಪಟ್ಟಿ ಮಾಡಿದರೂ ಉಪಯೋಗವಿಲ್ಲ, ಒಂದೇ ಹೆಸರಿನವರು ಪುಟಕ್ಕೆ ನಾಲ್ವರು ಸಿಗುತ್ತಾರೆ. ತಂದೆಯ ಹೆಸರು, ವಾಡೊ (ಚರ್ಚಿನ ವ್ಯಾಪ್ತಿಯ ಕೇರಿ) ಇವುಗಳ ಮೇಲೆ ಸೂಚಿ ಬೇಕು. ಅದನ್ನು ಊರಿನವರೇ ಮಾಡಿಕೊಳ್ಳಿ.

ತೀರಾ ಹಳೆಯ ಪುಸ್ತಕ ಸಿಗದಿದ್ದರೆ ತಂಡವನ್ನು ಬೈದು ಫಲವಿಲ್ಲ. 1784ರಲ್ಲಿ ಟಿಪ್ಪು ಕೆನರಾದ, ಅಂದರೆ ಈ ಕರಾವಳಿಯ, ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಕೆನರಾದ ಹೆಚ್ಚಿನ ಚರ್ಚುಗಳು ನೆಲಸಮವಾದವು. ಬದುಕುಳಿದವರು ಮರಳಿದ್ದು 1799ರ ನಂತರ. ಈ ನಡುವೆ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು ಹಾಗೆ, 1792ರಲ್ಲಿ. ಹಾಗಾಗಿ ಕರಾವಳಿ ಚರ್ಚಿನ ಚರಿತ್ರೆ ಬರೆಯುವವರು ಘಾಟಿ ಹತ್ತಿ ಅಲ್ಲೂ ಒಮ್ಮೆ ವಿಚಾರಿಸುವುದು ಒಳ್ಳೆಯದು.

ದರ ಪುಟಕ್ಕೆ 8 ರೂಪಾಯಿ, ಪ್ರಯಾಣದ ಖರ್ಚು ಬೇರೆ. ದುಬಾರಿಯೇನಲ್ಲ. ಅರ್ಧ ಹಣ ಕೈಯಲ್ಲಿಟ್ಟುಕೊಂಡು, ಪುಟಗಳನ್ನೂ ಫೈಲುಗಳನ್ನೂ ಎಣಿಸಿ ತಾಳೆ ನೋಡಿದ ಮೇಲೆ ಕೊಡಿ. ಮಳೆಗಾಲದಲ್ಲಿ ಕರೆಸಬೇಡಿ: ಥಂಡಿಗೆ ಹಾಳೆಗಳು ಅಂಟಿಕೊಂಡಿರುತ್ತವೆ, ಘಾಟಿಯನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಆ ರಸ್ತೆಯೇ ಬಂದ್ ಆಗಿತ್ತು. ಜನವರಿಯಿಂದ ಮಾರ್ಚ್ ಒಳಗೆ ದಿನ ಗೊತ್ತುಮಾಡಿ.