ಹೂವಿನ ನೀರಿನ ಹೊತ್ತಿನಲ್ಲಿ ಪ್ರೊಫೈಲ್ ಮುಟ್ಟಬೇಡಿ

ರೋಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂದಿದೆ. ಇನ್ನು ಕೆಲವೇ ದಿನಗಳಲ್ಲಿ ನಮ್ಮ ಕಡೆಯ ತೋಟಗಳಲ್ಲಿ ಮೊಗ್ಗು ಅರಳಲೆಂದು ಹೂವಿಗೆ ನೀರು ಕೊಡುವ ಕೆಲಸ ಶುರುವಾಗುತ್ತದೆ. ಮೊಬೈಲಿನಿಂದ ಪಂಪ್ ನಡೆಸುವ ಪೆಟ್ಟಿಗೆ ಹಾಕಿಸಿಕೊಂಡ ಬೆಳೆಗಾರರು ಈಗ ಬಹಳ ಮಂದಿ ಇದ್ದಾರೆ. ಅವರೂ, ನನ್ನ ಹಾಗೆ ಅಂಥ ಪೆಟ್ಟಿಗೆಗಳನ್ನು ದೂರದಿಂದ ನೋಡಿಕೊಳ್ಳುವ ಕೆಲಸದವರೂ ನೀರು ಚಿಮ್ಮಿಸುವ ಮೊದಲ ಜೆಟ್ ತಿರುಗುವ ಮುನ್ನ ಇದನ್ನು ಓದಬೇಕು ಎಂದು ಬರೆಯುತ್ತಿದ್ದೇನೆ. ಕಳೆದ ಫೆಬ್ರುವರಿಯ ಒಂದು ಸಂಜೆ ನಾನು ಒತ್ತಿದ ಒಂದು ಗುಂಡಿಯಿಂದ 109 ಉಪಕರಣಗಳ ಸಂಪರ್ಕ ಕಡಿದುಹೋಯಿತು. ಅವನ್ನು ಮತ್ತೆ ದಾರಿಗೆ ತರಲು ಇಬ್ಬರು ಹನ್ನೊಂದು ದಿನ ಜೀಪಿನಲ್ಲಿ ತೋಟದಿಂದ ತೋಟಕ್ಕೆ ಅಲೆದೆವು.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು, ಕಳಸದ ಕಡೆಯ ತೋಟಗಳಲ್ಲಿರುವ 38 ಪಂಪ್ ಪೆಟ್ಟಿಗೆಗಳು, 71 ಮಳೆಮಾಪಕ ಮತ್ತು ಮಣ್ಣಿನ ತೇವ ನೋಡುವ ಸೆನ್ಸರ್‌ಗಳು ನನ್ನ ಸುಪರ್ದಿಯಲ್ಲಿವೆ. ಎಲ್ಲದರೊಳಗೂ ಯಂತ್ರಗಳಿಗೆಂದೇ ಕೊಡುವ, 13 ಅಂಕಿಯ ಸಂಖ್ಯೆಯ ಸಿಮ್ ಇದೆ. ಇಷ್ಟನ್ನು ಒಂದೊಂದಾಗಿ ತೆರೆದು ಹೊಂದಿಸುವುದು ಆಗದ ಮಾತು. ಆದ್ದರಿಂದ ಒಂದೇ ಬಗೆಯವನ್ನೆಲ್ಲ ಒಂದು ಗುಂಪು ಮಾಡಿ, ಆ ಗುಂಪಿಗೊಂದು ಪ್ರೊಫೈಲ್ ಕಟ್ಟುತ್ತೇವೆ. ಎಷ್ಟು ಹೊತ್ತಿಗೊಮ್ಮೆ ಮಾಹಿತಿ ಕಳಿಸಬೇಕು, ಯಾವ ಸರ್ವರಿಗೆ ಕಳಿಸಬೇಕು, ಮೋಟಾರ್ ಎಷ್ಟು ಆಂಪಿಯರ್‌ಗಿಂತ ಕಡಿಮೆ ಎಳೆದರೆ ನೀರಿಲ್ಲವೆಂದು ನಿಲ್ಲಬೇಕು, ಉಪಕರಣದೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಯಾವ ಆವೃತ್ತಿಯದಿರಬೇಕು, ಎಲ್ಲವೂ ಅದರಲ್ಲಿರುತ್ತದೆ. ತೋಟದ ರೈಟರ್ ಬೆಳಿಗ್ಗೆ ಒಂದು ಚೀಟಿ ಬರೆದು ಎಲ್ಲ ಮೇಸ್ತ್ರಿಗಳ ಕೈಗೂ ಅದನ್ನೇ ಕೊಟ್ಟಂತೆ. ಚೀಟಿಯಲ್ಲಿ ತಪ್ಪಿದ್ದರೆ ತೋಟವಿಡೀ ಅದೇ ತಪ್ಪು ನಡೆಯುತ್ತದೆ.

ಸಿಮ್ ಕೊಟ್ಟವರು ಎಪಿಎನ್ ಬದಲಿಸುತ್ತೇವೆ ಎಂದು ತಿಳಿಸಿದ್ದರು. ಸಿಮ್ ಯಾವ ಬಾಗಿಲಿನಿಂದ ಇಂಟರ್ನೆಟ್ಟಿಗೆ ಹೋಗಬೇಕು ಎಂದು ಹೇಳುವ ಹೆಸರೇ ಎಪಿಎನ್. ತಿಂಗಳ ಕೊನೆಯವರೆಗೆ ಹಳೆಯದೂ ನಡೆಯುತ್ತಿತ್ತು. ಅವಸರ ಏನೂ ಇರಲಿಲ್ಲ. ಪೆಟ್ಟಿಗೆ ಮಾರಿದ ಕಂಪನಿಯ ಸಹಾಯವಾಣಿಯನ್ನು ಕೇಳಿದೆ. "ಸರ್, ಪ್ರೊಫೈಲ್‌ನಲ್ಲಿ ಹೊಸ ಹೆಸರು ಹಾಕಿ ಎಲ್ಲಕ್ಕೂ ಒಟ್ಟಿಗೆ ಅನ್ವಯಿಸಿ. ಒಂದೊಂದಾಗಿ ಮಾಡುತ್ತಾ ಕೂರಬೇಡಿ, ಏನೂ ಆಗುವುದಿಲ್ಲ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಆ ಹೆಸರನ್ನೂ ಕಳಿಸಿದರು. ನಾನು ಅದನ್ನು ಹಾಗೆಯೇ ನಕಲು ಮಾಡಿ ಅಂಟಿಸಿದೆ. ಸಂಜೆ ಐದೂವರೆಗೆ ಪಂಪ್ ಗುಂಪಿಗೆ ಅನ್ವಯಿಸಿದೆ. ಐದೇ ನಿಮಿಷದಲ್ಲಿ 38 ಸಾಲುಗಳೂ ಹಸಿರಾದವು, ಪ್ರತಿಯೊಂದರ ಮುಂದೆಯೂ "ಯಶಸ್ವಿ" ಎಂದು ಬಂತು. ಆ ಹಸಿರನ್ನು ನಂಬಿ ಸೆನ್ಸರ್‌ಗಳ ಗುಂಪಿಗೂ ಅನ್ವಯಿಸಿ ಮನೆಗೆ ಹೋದೆ.

ಬೆಳಿಗ್ಗೆ ಆರು ಗಂಟೆಗೆ ಆಲ್ದೂರಿನ ಹಿರಿಯ ಬೆಳೆಗಾರರೊಬ್ಬರ ಫೋನ್ ಬಂತು. "ಅಲ್ಲಪ್ಪಾ, ರಾತ್ರಿ ಒಂಬತ್ತಕ್ಕೆ ನಿಲ್ಲಬೇಕಿದ್ದ ಪಂಪು ಬೆಳಗಿನ ಜಾವದವರೆಗೂ ಓಡಿದೆ. ಕೆರೆಯಲ್ಲಿ ಪೈಪಿನ ತುದಿಯ ಫುಟ್‌ವಾಲ್ವ್ ಕಾಣಿಸುತ್ತಿದೆ. ನಿನ್ನ ಕಂಪ್ಯೂಟರಿನಲ್ಲಿ ಏನು ತೋರಿಸುತ್ತಿದೆ?"

ನನ್ನ ಕಂಪ್ಯೂಟರಿನಲ್ಲಿ "ಯಶಸ್ವಿ" ಎಂದೇ ತೋರಿಸುತ್ತಿತ್ತು.

ಅಲ್ಲಿಗೆ ಹೋಗಿ ಪಂಪ್‌ಹೌಸಿನಲ್ಲಿ ನಿಂತಾಗ ಇನ್ನೂ ಸುಟ್ಟ ರಬ್ಬರಿನ ವಾಸನೆ ಇತ್ತು. ಪೆಟ್ಟಿಗೆಯ ಮುಚ್ಚಳ ತೆಗೆದು, ಆಂಟೆನಾದ ಬುಡದಲ್ಲಿ ಕಣಜ ಕಟ್ಟಿದ್ದ ಮಣ್ಣಿನ ಗೂಡನ್ನು ಬದಿಗೆ ಸರಿಸಿ, ಲ್ಯಾಪ್‌ಟಾಪಿಗೆ ಕೇಬಲ್ ಜೋಡಿಸಿದೆ. ಎಪಿಎನ್ ಸಾಲು ಓದಿದರೆ ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಮೂರು ಸಲ ಓದಿದೆ. ಆಮೇಲೆ ಸಾಲಿನ ಕೊನೆಗೆ ಕರ್ಸರ್ ಒಯ್ದಾಗ ಅದು ಕೊನೆಯ ಅಕ್ಷರಕ್ಕೆ ಅಂಟಿ ನಿಲ್ಲದೆ ಒಂದು ಅಕ್ಷರದಷ್ಟು ಆಚೆ ಹೋಗಿ ನಿಂತಿತು. ವಾಟ್ಸ್‌ಆ್ಯಪ್ ಸಂದೇಶದಿಂದ ಹೆಸರಿನ ಜೊತೆಗೆ ಒಂದು ಖಾಲಿ ಜಾಗವೂ ನಕಲಾಗಿ ಬಂದಿತ್ತು. ಉಪಕರಣಕ್ಕೆ ಅದೂ ಹೆಸರಿನ ಭಾಗ. ಅಂಥ ಹೆಸರಿನ ಬಾಗಿಲು ಎಲ್ಲಿಯೂ ಇಲ್ಲವಾದ್ದರಿಂದ ಅದು ರಾತ್ರಿಯಿಡೀ ಕದ ತಟ್ಟುತ್ತಲೇ ಇತ್ತು, ಒಂಬತ್ತಕ್ಕೆ ನಿಲ್ಲು ಎಂಬ ಆದೇಶವೂ ಅದಕ್ಕೆ ತಲುಪಲಿಲ್ಲ. ಹಳೆಯ ಹೆಸರನ್ನು ಮತ್ತೆ ಹಾಕೋಣವೆಂದರೆ ದೂರದಿಂದ ಹೇಳುವ ದಾರಿಯೇ ಮುಚ್ಚಿಹೋಗಿತ್ತು. ಎಸ್‌ಎಂಎಸ್ ಮೂಲಕ ಆದೇಶ ಕೊಡುವ ಸೌಲಭ್ಯ ಪೆಟ್ಟಿಗೆಯಲ್ಲಿತ್ತು, ಆದರೆ ಭದ್ರತೆಗೆಂದು ಪ್ರೊಫೈಲ್‌ನಲ್ಲೇ ಅದನ್ನು ಮುಚ್ಚಿಟ್ಟಿದ್ದರು.

"ಯಶಸ್ವಿ" ಎಂದರೆ ಉಪಕರಣ ಹೊಸ ಪ್ರೊಫೈಲನ್ನು ಪಡೆದುಕೊಂಡಿತು ಎಂದಷ್ಟೇ ಅರ್ಥ. ಅದನ್ನು ಜಾರಿ ಮಾಡಿಕೊಂಡು ಮತ್ತೆ ಸರ್ವರಿಗೆ ಬಂದು ಮಾತಾಡಿತು ಎಂದಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಳೆಗಾಲದಲ್ಲಿ ಟವರ್ ಹೋಗಿ ಸುಳ್ಳು ಎಚ್ಚರಿಕೆಗಳು ಬರುತ್ತವೆಂದು, ಸಂಪರ್ಕ ತಪ್ಪಿದೆ ಎಂಬ ಸಂದೇಶ 24 ಗಂಟೆಯ ನಂತರವೇ ಬರುವಂತೆ ಇಟ್ಟವನೂ ನಾನೇ. ಮಳೆಮಾಪಕಕ್ಕೆ ಅದು ಸರಿ. ಓಡುತ್ತಿರುವ ಪಂಪಿಗೆ 24 ಗಂಟೆ ಎಂದರೆ ಎಲ್ಲ ಮುಗಿದ ಮೇಲೆ ಬರುವ ಸುದ್ದಿ.

ಸಂಪರ್ಕ ಹೋದದ್ದು ಅರ್ಧ ಕಥೆ ಮಾತ್ರ. ನನ್ನನ್ನು ಹೆಚ್ಚು ಕಂಗೆಡಿಸಿದ್ದು ಇನ್ನರ್ಧ. ನೀರು ಮುಗಿದಾಗ ಆ ಪಂಪು ತಾನಾಗಿ ಏಕೆ ನಿಲ್ಲಲಿಲ್ಲ? ಅದು 15 ಎಚ್‌ಪಿ ಮೋಟಾರ್, ಪೂರ್ಣ ಹೊರೆಯಲ್ಲಿ ಸುಮಾರು 21 ಆಂಪಿಯರ್ ಎಳೆಯುತ್ತದೆ. ಪೆಟ್ಟಿಗೆ ಕೂರಿಸಿದ ದಿನ ನಾನೇ ನಿಂತು, 13ಕ್ಕಿಂತ ಕೆಳಗಿಳಿದರೆ ನಿಲ್ಲುವಂತೆ ಮಾಡಿ ಬಂದಿದ್ದೆ. ಈಗ ಕೇಬಲ್ ಹಾಕಿ ನೋಡಿದರೆ ಅಲ್ಲಿ 5 ಎಂದಿತ್ತು! ನಾನು ಬದಲಿಸಿದ್ದು ಎಪಿಎನ್ ಒಂದನ್ನೇ. ಆದರೆ ಆ ವ್ಯವಸ್ಥೆ ಬದಲಾದ ಸಾಲನ್ನು ಮಾತ್ರ ಕಳಿಸುವುದಿಲ್ಲ, ಇಡೀ ಪ್ರೊಫೈಲನ್ನೇ ಮತ್ತೆ ಹೊದಿಸುತ್ತದೆ. ಒಂದೊಂದು ತೋಟದಲ್ಲಿ ಮೋಟಾರ್ ನೋಡಿ, ಅಳೆದು, ಕೈಯಾರೆ ಹಾಕಿದ್ದ ಅಂಕಿಗಳೆಲ್ಲ ಒರೆಸಿಹೋಗಿ ಎಲ್ಲ ಕಡೆ ಪ್ರೊಫೈಲ್‌ನ ಮೂಲ ಅಂಕಿ 5 ಕುಳಿತಿತ್ತು. ನೀರಿಲ್ಲದೆ ತಿರುಗುವಾಗಲೂ 15 ಎಚ್‌ಪಿ ಮೋಟಾರ್ 5 ಆಂಪಿಯರ್‌ಗಿಂತ ಹೆಚ್ಚನ್ನೇ ಎಳೆಯುತ್ತದೆ. ಪೆಟ್ಟಿಗೆಯ ಲೆಕ್ಕದಲ್ಲಿ ನೀರು ಬರುತ್ತಲೇ ಇತ್ತು. ಅತ್ತ 3 ಎಚ್‌ಪಿಯ ಸಣ್ಣ ಮೋಟಾರ್‌ಗಳು ನೀರು ತುಂಬಿದ್ದರೂ 5 ದಾಟದೆ, ನೀರಿಲ್ಲವೆಂದು ನಿಂತುಬಿಟ್ಟವು.

ಆಲ್ದೂರಿನ ಪಂಪಿನ ಸೀಲ್ ಸುಟ್ಟು ಶಾಫ್ಟ್ ಬಿಗಿದುಕೊಂಡಿತ್ತು. ಮೋಟಾರ್ ಉಳಿದದ್ದು ಪ್ಯಾನಲ್ ಬೋರ್ಡಿನಲ್ಲಿದ್ದ, ಮೋಟಾರ್ ಮಿತಿಮೀರಿ ಕರೆಂಟ್ ಎಳೆದಾಗ ಕಡಿಯುವ ಹಳೆಯ ಓವರ್‌ಲೋಡ್ ರಿಲೇ ಟ್ರಿಪ್ ಆದದ್ದರಿಂದ. ಹೊಸ ಪೆಟ್ಟಿಗೆ ಬಂತಲ್ಲ, ಇನ್ನು ಇದೇಕೆ ಎಂದು ಅದನ್ನು ತೆಗೆಸಲು ಹೊರಟವರನ್ನು ನಾನು ಕಂಡಿದ್ದೇನೆ. ದಯವಿಟ್ಟು ತೆಗೆಸಬೇಡಿ. ಯಾವ ಪ್ರೊಫೈಲಿಗೂ ಸಿಕ್ಕದ ರಕ್ಷಣೆ ಅದೊಂದೇ.

ತೋಟಕ್ಕಾದ ನಷ್ಟ ಪಂಪಿನ ರಿಪೇರಿ ಖರ್ಚಿನಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ರೋಬಸ್ಟಾಕ್ಕೆ ಹೂವಿನ ನೀರೆಂದರೆ ಒಂದರಿಂದ ಒಂದೂವರೆ ಇಂಚು, ಅದೂ ಮೊಗ್ಗು ಹದಕ್ಕೆ ಬಂದಾಗ, ಒಂದೇ ಸಲಕ್ಕೆ. ಅರೆಬರೆ ನೀರು ಬಿದ್ದರೆ ಹೂ ಸರಿಯಾಗಿ ಬಿಡುವುದಿಲ್ಲ. ಅವರ ತೋಟದಲ್ಲಿ ಜೆಟ್‌ಗಳು ರಾತ್ರಿಯಿಡೀ ಒಂದೇ ಕಡೆ ತಿರುಗಿ ಗಿಡದ ಬುಡದಲ್ಲಿ ನೀರು ನಿಂತಿತ್ತು. ಪಕ್ಕದ ಎರಡು ಪಟ್ಟಿಗಳಿಗೆ ಇಟ್ಟುಕೊಂಡಿದ್ದ ನೀರು ಹಾಗೆ ಖಾಲಿಯಾಗಿತ್ತು. ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನವೂ ಪುಸ್ತಕದಲ್ಲಿ ಬರೆದಿಡುವವರು ಅವರು. ನನ್ನೆದುರು ಒಂದು ಮಾತೂ ಎತ್ತರಿಸಲಿಲ್ಲ. "ಕೆರೆ ತುಂಬಲು ಮಳೆಯೇ ಬರಬೇಕು" ಎಂದಷ್ಟೇ ಹೇಳಿದರು.

ಮಾರಿದ ಕಂಪನಿಯವರು ನಾವು ಕಳಿಸಿದ ಹೆಸರು ಸರಿಯಾಗಿಯೇ ಇತ್ತು, ಅಂಟಿಸುವಾಗ ನೀವು ನೋಡಬೇಕಿತ್ತು ಎಂದರು. ನಾನು ನೋಡಬೇಕಿತ್ತು, ಅದು ನಿಜ. ಆದರೆ ಒಂದು ಖಾಲಿ ಜಾಗವನ್ನು ಗುರುತಿಸಿ ತೆಗೆದುಹಾಕದ, ಸಂಪರ್ಕ ಸಿಗದಿದ್ದರೆ ಹಳೆಯದಕ್ಕೆ ಮರಳದ ಉಪಕರಣವನ್ನು ಕಾಡುಮೂಲೆಯಲ್ಲಿ ಕೂರಿಸಲೆಂದು ಮಾರುವುದು ತಪ್ಪು. ಇದು ಹೊಸ ವಿದ್ಯೆಯೇನಲ್ಲ. ಜುನಿಪರ್ ಕಂಪನಿಯ ನೆಟ್‌ವರ್ಕ್ ರೂಟರ್‌ಗಳಲ್ಲಿ ಬದಲಾವಣೆಯನ್ನು ತಾತ್ಕಾಲಿಕವಾಗಿ ಜಾರಿ ಮಾಡುವ ಆದೇಶ ಬಹಳ ಹಿಂದಿನಿಂದ ಇದೆ: ಹತ್ತು ನಿಮಿಷದೊಳಗೆ ನೀವು ಮತ್ತೆ ಬಂದು ಖಚಿತಪಡಿಸದಿದ್ದರೆ ರೂಟರ್ ತಾನಾಗಿ ಹಳೆಯ ಸ್ಥಿತಿಗೆ ಹೋಗುತ್ತದೆ. ನಮ್ಮ ಪಂಪ್ ಪೆಟ್ಟಿಗೆಗೂ ಬೇಕಾದದ್ದು ಅಷ್ಟೇ. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು. ಬಾಯಿಮಾತಿನ ಉತ್ತರವನ್ನು ನಂಬಬೇಡಿ. ನಿಮ್ಮ ಮುಂದೆಯೇ ತಪ್ಪು ಎಪಿಎನ್ ಹಾಕಿಸಿ, ಪೆಟ್ಟಿಗೆ ವಾಪಸ್ ಬರುತ್ತದೆಯೇ ಎಂದು ಗಡಿಯಾರ ಹಿಡಿದು ನೋಡಿ.

ಫರ್ಮ್‌ವೇರ್ ಬದಲಿಸುವಾಗ ಎಲ್ಲರೂ ಹೆದರುತ್ತಾರೆ, ಪ್ರೊಫೈಲ್ ಬದಲಿಸುವಾಗ ಯಾರೂ ಹೆದರುವುದಿಲ್ಲ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತುಹೋಗಿ, ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟದ್ದು ನೆನಪಿರಬಹುದು. ಅಂದು ಹೋದದ್ದು ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲ, ಸೆಟ್ಟಿಂಗಿನಂಥ ಒಂದು ಸಣ್ಣ ಕಡತ. ಹೊಸ ಆವೃತ್ತಿ ತಡವಾಗಿ ಬರಲಿ ಎಂದು ಎಚ್ಚರದಿಂದ ಇಟ್ಟುಕೊಂಡಿದ್ದವರಿಗೂ ಅದು ಅಂದೇ ತಲುಪಿತ್ತು. ಫರ್ಮ್‌ವೇರಿನ ಭಯವೂ ಸುಳ್ಳಲ್ಲ. 2017ರ ಆಗಸ್ಟ್‌ನಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಕಂಪನಿ ಒಂದು ಮಾದರಿಯ ಬಾಗಿಲು ಬೀಗಗಳಿಗೆ ಇನ್ನೊಂದು ಮಾದರಿಯ ಫರ್ಮ್‌ವೇರ್ ಕಳಿಸಿ ಸುಮಾರು 500 ಬೀಗಗಳು ಕೆಟ್ಟವು. ದೂರದಿಂದ ಸರಿಪಡಿಸಲು ಆಗದೆ ಜನ ಬೀಗ ಬಿಚ್ಚಿ ಕಂಪನಿಗೆ ಕಳಿಸಬೇಕಾಯಿತು. ಗುಂಪು ಮಾಡುವಾಗ ಮಾದರಿ ಬೆರೆತರೆ ಆಗುವುದು ಇದೇ.

ಈ ವರ್ಷ ನನ್ನ ಗುಂಪುಗಳನ್ನು ಬೇರೆ ರೀತಿ ಕಟ್ಟಿದ್ದೇನೆ. ಮೋಟಾರಿನ ಎಚ್‌ಪಿ ಪ್ರಕಾರ ಪಂಪ್‌ಗಳನ್ನು ಒಡೆದಿದ್ದೇನೆ; 3 ಎಚ್‌ಪಿಗೂ 15 ಎಚ್‌ಪಿಗೂ ಒಂದೇ ಪ್ರೊಫೈಲ್ ಇಲ್ಲ. ಎಪಿಎನ್ ಮತ್ತು ಸರ್ವರ್ ವಿಳಾಸ ಒಂದು ಪ್ರೊಫೈಲ್‌ನಲ್ಲಿ, ಆಂಪಿಯರ್ ಮಿತಿಗಳು ಇನ್ನೊಂದರಲ್ಲಿ ಇವೆ. ಏನನ್ನೇ ಬದಲಿಸುವ ಮೊದಲು ಪ್ರತಿ ಉಪಕರಣದ ಈಗಿನ ಅಂಕಿಗಳನ್ನು ಇಳಿಸಿ ಇಟ್ಟುಕೊಳ್ಳುತ್ತೇನೆ. ಎಸ್‌ಎಂಎಸ್ ದಾರಿಯನ್ನು ಎರಡೇ ಎರಡು ನಂಬರುಗಳಿಗೆ ತೆರೆದಿಟ್ಟಿದ್ದೇನೆ. ಪ್ರಯೋಗಕ್ಕೆ ಮೂರು ಪೆಟ್ಟಿಗೆಗಳನ್ನು ಆರಿಸಿಕೊಂಡಿದ್ದೇನೆ. ಅವುಗಳಲ್ಲಿ ಎರಡು ರಸ್ತೆ ಬದಿಯಲ್ಲೇ ಇವೆ, ಕೂಡಲೇ ಹೋಗಿ ಮುಟ್ಟಬಹುದು. ಮೂರನೆಯದು ಸಿಗ್ನಲ್ ತೀರ ಕಡಿಮೆ ಇರುವ ಕಳಸದ ಕಡೆಯದು. ಮೇಜಿನ ಮೇಲೆ ಪೂರ್ತಿ ಸಿಗ್ನಲ್‌ನಲ್ಲಿ ಚೆನ್ನಾಗಿ ನಡೆದದ್ದು ಕಣಿವೆಯಲ್ಲೂ ನಡೆಯುತ್ತದೆ ಎಂದು ಹೇಳಲಾಗದು. ಮೂರೂ ಹೊಸ ಪ್ರೊಫೈಲ್‌ನಲ್ಲಿ ಒಂದು ರಾತ್ರಿ ಕಳೆಯಬೇಕು, ಒಮ್ಮೆ ಕರೆಂಟ್ ತೆಗೆದು ಕೊಡಬೇಕು. ಕೆಲವು ಬದಲಾವಣೆಗಳು ಉಪಕರಣ ಮತ್ತೆ ಚಾಲೂ ಆದಾಗಲೇ ಜಾರಿಯಾಗುವುದರಿಂದ, ಹಗಲಲ್ಲಿ ಎಲ್ಲ ಸರಿ ಇದ್ದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಕೈಕೊಡುತ್ತವೆ. ಇಷ್ಟಾದ ಮೇಲೆ ಹತ್ತು, ಆಮೇಲೆ ಉಳಿದವು. ಹಸಿರು ಸಾಲನ್ನು ನಾನು ಈಗ ನೋಡುವುದೇ ಇಲ್ಲ. ಪ್ರೊಫೈಲ್ ಹೋದ ನಂತರದ ಸಮಯ ಹೊತ್ತ ಹೊಸ ಮಾಹಿತಿ ಬಂತೇ ಎಂಬುದನ್ನು ಮಾತ್ರ ನೋಡುತ್ತೇನೆ.

ಫೆಬ್ರುವರಿ ಆರಂಭದಿಂದ, ಹೂವಿನ ನೀರು ಮತ್ತು ಅದಾದ ಎರಡು ಮೂರು ವಾರಕ್ಕೆ ಕೊಡುವ ಬ್ಯಾಕಿಂಗ್ ನೀರು ಎರಡೂ ಮುಗಿಯುವವರೆಗೆ, ಪಂಪ್‌ಗಳ ಪ್ರೊಫೈಲನ್ನು ಯಾರೂ ಮುಟ್ಟುವಂತಿಲ್ಲ. ಮಾರಿದ ಕಂಪನಿಗೆ ಇದನ್ನು ಪತ್ರದಲ್ಲಿ ಬರೆದುಕೊಟ್ಟಿದ್ದೇನೆ. ಅವರ ಲಾಗಿನ್‌ಗೂ ನಮ್ಮ ಗುಂಪನ್ನು ಬದಲಿಸುವ ಅಧಿಕಾರವಿದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ನಿಮ್ಮ ಗುಂಪಿಗೆ ಯಾರ್ಯಾರು ಕೈ ಹಾಕಬಹುದು ಎಂದು ಇವತ್ತೇ ವಿಚಾರಿಸಿ.

ಬೆಳೆಗಾರರಿಗೆ ಇನ್ನೊಂದು ಮಾತು. ನೀರು ಬಿಡುವ ಮೊದಲು ಪಂಪ್‌ಹೌಸಿಗೆ ಹೋಗಿ ಪ್ಯಾನಲ್ ಬೋರ್ಡಿನ ಆಟೋ–ಮ್ಯಾನುಯಲ್ ಸ್ವಿಚ್ ತಿರುಗುತ್ತದೆಯೇ ನೋಡಿ. ಮ್ಯಾನುಯಲ್‌ಗೆ ಹಾಕಿ ಒಮ್ಮೆ ಪಂಪ್ ಚಾಲೂ ಮಾಡಿ, ನಿಲ್ಲಿಸಿ. ರಾತ್ರಿ ಕಾವಲಿರುವವರಿಗೂ ಅದನ್ನು ತೋರಿಸಿಕೊಡಿ. ನೀರಿಲ್ಲದಾಗ ನಿಲ್ಲುವ ಆಂಪಿಯರ್ ಅಂಕಿ ಎಷ್ಟಿದೆ ಎಂದು ಪೆಟ್ಟಿಗೆ ಹಾಕಿದವರನ್ನು ಕೇಳಿ, ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಆಲ್ದೂರಿನ ತೋಟದಲ್ಲಿ ಈಗ ಅಂಥ ರಟ್ಟು ಇದೆ. ಅದರ ಮೇಲೆ 13 ಎಂದು ಬರೆದವರು ಆ ಹಿರಿಯರೇ. ಪ್ರತಿ ಭಾನುವಾರ ಫೋನ್ ಮಾಡಿ, ಅಲ್ಲಿ ಈಗಲೂ ಅಷ್ಟೇ ಇದೆಯೇ ಎಂದು ಕೇಳುತ್ತಾರೆ.